ಪದ ಬೇಕು: ಬಣ್ಣ ಒಣಗಿದೆ, ಆದರೆ ‘ಕ್ಯೂರ್’ ಆಗಿಲ್ಲ

ಬಳ್ಳಾರಿಯಿಂದ, ಪ್ರಶ್ನೆ:

ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಕೊಡಬೇಕು, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಓಣಿಯ ಬಡಗಿಯೊಬ್ಬರು ಇಗುವಾನ (ದೊಡ್ಡ ಹಲ್ಲಿ), ಬಾಲ್ ಪೈಥಾನ್ (ಒಂದು ಜಾತಿಯ ಹೆಬ್ಬಾವು) ಸಾಕುವವರಿಗೆ ಪ್ಲೈವುಡ್ ಗೂಡು ಮಾಡಿಕೊಡುತ್ತಾರೆ. ಹಳೆಯ ಗೂಡು ಬಂದರೆ ಸವೆದ ಬಣ್ಣ ಉಜ್ಜಿ ತೆಗೆದು, ನೀರಿನಲ್ಲಿ ಕಲಸಿದ ಪಾಲಿಯುರೆಥೇನ್ ವಾರ್ನಿಶ್ ಹೊಡೆದು ವಾಪಸ್ ಕೊಡುತ್ತಾರೆ. ಗೂಡಿನ ಬೆನ್ನಿಗೆ ಅಂಟಿಸಲು ಕನ್ನಡದಲ್ಲಿ ಒಂದು ಚೀಟಿ ಬೇಕಂತೆ.

ಡಬ್ಬಿಯ ಮೇಲೆ ‘ಡ್ರೈ’, ‘ಕ್ಯೂರ್’ ಅಂತ ಎರಡು ಮಾತಿವೆ. ಡ್ರೈ ಆಗಲು ಒಂದೆರಡು ಗಂಟೆ. ಕ್ಯೂರ್ ಆಗಲು ಮೂರ್ನಾಲ್ಕು ವಾರ. ಕೈಗೆ ಅಂಟದಿದ್ದರೆ ಒಣಗಿತು, ಸರಿ. ಆದರೆ ಪದರ ಒಳಗೊಳಗೇ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಆವಿ ಬಿಡುತ್ತಿರುತ್ತದೆ. ಮೇಲೆ ಕಾಯಿಸುವ ದೀಪ ಹಚ್ಚಿದರೆ ಆ ಆವಿ ಜಾಸ್ತಿಯೇ. ಮುಚ್ಚಿದ ಪೆಟ್ಟಿಗೆಯಲ್ಲಿ ಪ್ರಾಣಿ ಎಲ್ಲಿಗೆ ಓಡಬೇಕು? ಹೋದ ಬೇಸಿಗೆಯಲ್ಲಿ ನಾನೇ ಮೂರನೇ ದಿನಕ್ಕೆ ಇಗುವಾನವನ್ನು ಒಳಗೆ ಬಿಟ್ಟೆ. ಬಳ್ಳಾರಿ ಬಿಸಿಲಲ್ಲಿ ಒಣಗದೆ ಇರುತ್ತದಾ ಅಂತ. ಸಂಜೆಗೆ ಅದು ಮೂಲೆ ಹಿಡಿದು, ಬಾಯಿ ತೆರೆದು ಉಸಿರಾಡುತ್ತಿತ್ತು. ಹೊರಗೆ ತೆಗೆದ ಮೇಲೆ ಸುಧಾರಿಸಿತು, ಪುಣ್ಯ.

‘ಒಣಗಿದ ಮೇಲೆ ಬಿಡಿ’ ಅಂತ ಬರೆದರೆ ಜನ ಎರಡು ಗಂಟೆಗೇ ಬಿಡುತ್ತಾರೆ. ಎರಡನೆಯದಕ್ಕೆ ಒಂದು ಪದ ಕೊಡಿ. ತಲೆಬರಹಕ್ಕೆ ‘ಗೂಡು ನವೀಕರಣ’ ಅಂತ ಇಟ್ಟಿದ್ದೇನೆ.

ರಾಯಚೂರಿನಿಂದ:

ಕ್ಯೂರಿಂಗ್ ಅಂತಲೇ ಬರೆಯಿರಿ. ಮೇಸ್ತ್ರಿಗಳಿಗೂ ಗೊತ್ತಿರುವ ಪದ. ಎಲ್ಲದಕ್ಕೂ ಕನ್ನಡ ಹುಡುಕುತ್ತಾ ಕೂರಬೇಡಿ.

ಸಿರುಗುಪ್ಪದಿಂದ:

ಗೊತ್ತಿರುವುದೇ ಇಲ್ಲಿ ತೊಂದರೆ. ಮೇಸ್ತ್ರಿ ಬಾಯಲ್ಲಿ ಕ್ಯೂರಿಂಗ್ ಅಂದರೆ ಸಿಮೆಂಟಿಗೆ ನೀರು ಹೊಡೆಯುವುದು. ಬೆಳಿಗ್ಗೆ ಸಂಜೆ ಪೈಪು ಹಿಡಿಯುತ್ತಾರೆ. ಚೀಟಿಯಲ್ಲಿ ‘ನಾಲ್ಕು ವಾರ ಕ್ಯೂರಿಂಗ್ ಮಾಡಿ’ ಅಂತ ಇದ್ದರೆ ಪ್ಲೈವುಡ್ ಉಬ್ಬಿ ಹಪ್ಪಳ ಆಗುತ್ತದೆ.

ಬಳ್ಳಾರಿಯಿಂದ, ಇನ್ನೊಬ್ಬರು:

‘ಪರಿಪಕ್ವ’ ಅನ್ನಿ, ಮುಗಿಯಿತು. ಮತ್ತೆ ‘ಗೂಡು’ ಹಕ್ಕಿಗೆ. ಸರೀಸೃಪಕ್ಕೆ ‘ಆವರಣ’ ಅನ್ನಬೇಕು.

ಕೊಪ್ಪಳದಿಂದ:

ಆವರಣ ಅಂದರೆ ಕಾಂಪೌಂಡು. ಶಾಲೆಯ ಆವರಣ, ಗುಡಿಯ ಆವರಣ. ಅದಕ್ಕೆ ಪಾಲಿಶ್ ಹೊಡೆಸುತ್ತೀರಾ? ಗೂಡು ನಮ್ಮದೇ ಪದ. ತಮಿಳಿನ ಕೂಡು, ನಮ್ಮ ಗೂಡು, ಒಂದೇ ಬೇರು. ಜೇನಿಗೂ ಗೂಡು, ರೇಷ್ಮೆಗೂ ಗೂಡು, ದೀಪಕ್ಕೂ ಗೂಡು. ಹಲ್ಲಿ ಜಾತಿಯ ಪ್ರಾಣಿಗೆ ಯಾಕಾಗಬಾರದು?

ಇನ್ನು ಬಳಿಯುವ ವಸ್ತುವಿಗೆ ಆ ಉದ್ದದ ಇಂಗ್ಲಿಷ್ ಹೆಸರು ಯಾಕೆ? ನಮ್ಮಲ್ಲಿ ‘ಅರಗು’ ಇತ್ತು. ಪಾಂಡವರನ್ನು ಸುಡಲು ಹೊರಟದ್ದು ಅರಗಿನ ಮನೆಯಲ್ಲಿ. ಕರಗುವುದಕ್ಕೂ ಅರಗು, ಉಂಡದ್ದು ಜೀರ್ಣವಾಗುವುದಕ್ಕೂ ಅರಗು. ಇಂಥ ಪದ ಬಿಟ್ಟು ಡಬ್ಬಿ ಓದಿಕೊಂಡು ಕೂತಿದ್ದೀರಿ. ಮರದ ಗೊಂಬೆ ಮಾಡುವ ನಮ್ಮ ಕಿನ್ನಾಳದವರನ್ನು ನೋಡಿ. ಗೊಂಬೆಗೆ ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಹಚ್ಚುತ್ತಾರೆ. ಅದಕ್ಕೆ ‘ಕಿಟ್ಟ’ ಅನ್ನುತ್ತಾರೆ. ಯಾವ ನಿಘಂಟನ್ನೂ ಕೇಳಿಕೊಂಡು ಬರಲಿಲ್ಲ.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು:

ಅರಗು ಬೇರೆ, ಪಾಲಿಯುರೆಥೇನ್ ಬೇರೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕುರ್ಚಿಗೆ ಚೆಂದ. ದೀಪದ ಬಿಸಿಗೆ ಮೆತ್ತಗಾಗುತ್ತದೆ, ನೀರು ಬಿದ್ದರೆ ಬೆಳ್ಳಗಾಗುತ್ತದೆ. ಇಗುವಾನದ ಗೂಡಿನಲ್ಲಿ ಎರಡೂ ದಿನಾ ಇರುತ್ತವೆ. ನಾನು ಕೇಳಿದ್ದು ಬಣ್ಣ ಅಲ್ಲ, ಪದ.

ಕೊಪ್ಪಳದಿಂದ:

ಪದ ತಾನೇ? ‘ಬಲಿ’. ಬಣ್ಣ ಒಣಗಿದೆ, ಇನ್ನೂ ಬಲಿತಿಲ್ಲ.

ಬಳ್ಳಾರಿಯಿಂದ, ಇನ್ನೊಬ್ಬರು:

ಚೀಟಿಯಲ್ಲಿ ‘ಬಲಿಗೆ ನಾಲ್ಕು ವಾರ’ ಅಂತ ಬರೆಯಿರಿ. ಗೂಡಿನ ಮುಂದೆ ಕುಂಕುಮ, ನಿಂಬೆಹಣ್ಣು ಇಟ್ಟಿರುತ್ತಾರೆ. ‘ಮಾಗು’ ಎಷ್ಟೋ ಮೇಲು.

ಸಿರುಗುಪ್ಪದಿಂದ:

ಮಾಗಿದ್ದು ಮೆತ್ತಗಾಗುತ್ತದೆ, ಬಲಿತದ್ದು ಗಟ್ಟಿಯಾಗುತ್ತದೆ. ಮಾವು ಮಾಗುತ್ತದೆ, ತೆಂಗು ಬಲಿಯುತ್ತದೆ. ಬಣ್ಣಕ್ಕೆ ಬೇಕಾದದ್ದು ಎರಡನೆಯದು. ದೇವರಿಗೆ ಕೊಡುವ ಬಲಿ ಸಂಸ್ಕೃತದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರುಪದವಾಗಿ ಬಳಸಬೇಡಿ, ಅಷ್ಟೇ. ‘ಬಲಿಯಲು ಬಿಡಿ’, ‘ಬಲಿತ ಮೇಲೆ’ ಅಂದರೆ ಯಾರೂ ಕೋಳಿ ತರುವುದಿಲ್ಲ.

ರಾಯಚೂರಿನಿಂದ:

ಎಲ್ಲರೂ ಒಳಗಿನ ಪದಕ್ಕೆ ಜಗಳ ಆಡುತ್ತಿದ್ದೀರಿ, ತಲೆಬರಹ ಯಾರೂ ನೋಡಲಿಲ್ಲ. ‘ನವೀಕರಣ’ ಅಂದರೆ ನನಗೆ ಲೈಸೆನ್ಸ್ ನೆನಪಾಗುತ್ತದೆ. ಫೀಸು ಎಷ್ಟು ಅಂತ ಕೇಳುತ್ತಾರೆ. ‘ದುರಸ್ತಿ’ ಅನ್ನಿ.

ಬಳ್ಳಾರಿಯಿಂದ, ಇನ್ನೊಬ್ಬರು:

ದುರಸ್ತಿ ಪಾರ್ಸಿ. ನಿಜಾಮರು ಹೋಗಿ ಎಷ್ಟು ವರ್ಷ ಆಯಿತು?

ರಾಯಚೂರಿನಿಂದ:

1948ರಲ್ಲಿ ಹೋದರು. ದುರಸ್ತಿ ಹೋಗಲಿಲ್ಲ. ನೀವು 1953ರವರೆಗೆ ಮದ್ರಾಸಿನಲ್ಲಿ ಇದ್ದವರು, ನಿಮ್ಮ ಊರಿನಲ್ಲಿ ಅರ್ಧ ಪೇಟೆ ತೆಲುಗಲ್ಲೇ ವ್ಯಾಪಾರ ಮಾಡುತ್ತದೆ. ಅದಕ್ಕೆ ನಾವೇನಾದರೂ ಅಂದೆವಾ? ‘ನವೀಕರಣ’ವೂ ಸಾಲವೇ, ಸಂಸ್ಕೃತದಿಂದ ತಂದದ್ದು. ಒಂದು ಸಾಲಕ್ಕೆ ಆರತಿ, ಇನ್ನೊಂದು ಸಾಲಕ್ಕೆ ನೋಟಿಸು, ಇದ್ಯಾವ ನ್ಯಾಯ?

ಬಳ್ಳಾರಿಯಿಂದ, ಇನ್ನೊಬ್ಬರು:

ಸಂಸ್ಕೃತವನ್ನು ಪಾರ್ಸಿ ಜೊತೆ ತೂಗುವವರ ಹತ್ತಿರ ನನಗೆ ಚರ್ಚೆ ಇಲ್ಲ.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು:

ತಲೆಬರಹವನ್ನೇ ತೆಗೆದುಬಿಟ್ಟೆ. ದುರಸ್ತಿ ಅಂದರೆ ಮುರಿದದ್ದನ್ನು ಸರಿಮಾಡುವುದು. ಇಲ್ಲಿ ಏನೂ ಮುರಿದಿಲ್ಲ, ಬಣ್ಣ ಸವೆದಿದೆ ಅಷ್ಟೇ. ಬಡಗಿಗೆ ಎರಡು ವಾಕ್ಯ ಓದಿ ಹೇಳಿದೆ. ‘ಒಣಗಿದ್ದು ಬೇರೆ, ಬಲಿತದ್ದು ಬೇರೆ’ ಅಂದಾಗ ತಲೆಯಾಡಿಸಿ, ‘ಹಸಿ ವಾಸನೆ ಹೋಗೋವರೆಗೂ ಅನ್ನಿ, ಅದು ಎಲ್ಲರಿಗೂ ತಿಳೀತದ’ ಅಂದರು. ಇಷ್ಟು ಹೊತ್ತು ನಮಗ್ಯಾರಿಗೂ ಹೊಳೆಯದ ‘ಹಸಿ’! ಗೋಡೆ ಹಸಿ, ಗಾಯ ಹಸಿ, ಬಣ್ಣವೂ ಹಸಿ. ಆದರೆ ವಾಸನೆಯೊಂದನ್ನೇ ನಂಬುವ ಹಾಗಿಲ್ಲ, ಒಬ್ಬೊಬ್ಬರ ಮೂಗು ಒಂದೊಂದು ಥರ. ಅದಕ್ಕೆ ದಿನದ ಲೆಕ್ಕವನ್ನೂ ಸೇರಿಸಿದೆ. ಪ್ರಿಂಟಿಗೆ ಹೋಗುವುದು ಇಷ್ಟು:

“ಈ ಗೂಡಿಗೆ ಹೊಸ ಬಣ್ಣ ಹಚ್ಚಿದೆ. ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ಒಳಗೆ ಇನ್ನೂ ಹಸಿ. ಬಾಗಿಲು ತೆರೆದು, ಗಾಳಿ ಆಡುವ ಕಡೆ 30 ದಿನ ಬಲಿಯಲು ಬಿಡಿ. ನೀರು ಹಾಕಬೇಡಿ. ಆಮೇಲೆ ಖಾಲಿ ಗೂಡಿನಲ್ಲೇ ಒಂದು ಇಡೀ ದಿನ ಕಾಯಿಸುವ ದೀಪ ಹಚ್ಚಿಡಿ. ಬಾಗಿಲು ಮುಚ್ಚಿ, ತೆರೆದು, ಮೂಸಿ ನೋಡಿ. ಸ್ವಲ್ಪ ವಾಸನೆ ಬಂದರೂ ಪ್ರಾಣಿಯನ್ನು ಬಿಡಬೇಡಿ.”

ಸಿರುಗುಪ್ಪದಿಂದ:

‘ನೀರು ಹಾಕಬೇಡಿ’ ದಪ್ಪ ಅಕ್ಷರದಲ್ಲಿರಲಿ.

ಕೊಪ್ಪಳದಿಂದ:

‘ಖಾಲಿ’ ಅರಬ್ಬಿ. ‘ಬರಿದು’ ಅನ್ನಿ.