ಮನೆ, ಮಕ್ಕಳು, ಕೆಲಸದ ನಡುವೆ ಕಾದಂಬರಿ ಬರೆದು ನಾವೇ ಪ್ರಕಟಿಸುವುದು: ವೇಳೆ ಹೊಂದಿಸುವುದು ಹೇಗೆ?

ಅರ್ಧಕರಡು

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಒಟ್ಟು 45,000 ಪದದ ಅಂದಾಜು, 18,000 ಆಗಿದೆ. ಪ್ರಕಾಶಕರ ಬಳಿ ಹೋಗದೆ ನಾನೇ ಪ್ರಕಟಿಸುವ ಯೋಚನೆ. ಮನೆಯಲ್ಲಿ 4 ಮತ್ತು 9 ವರ್ಷದ ಇಬ್ಬರು ಮಕ್ಕಳು. ನಾವಿಬ್ಬರೂ ಪೂರ್ತಿ ದಿನ ಕೆಲಸಕ್ಕೆ ಹೋಗುವವರು. ಮಕ್ಕಳು ಮಲಗಿದ ಮೇಲೆ ಸಿಗುವ 45 ನಿಮಿಷವೇ ಬರವಣಿಗೆಗೆ. ಈಚೆಗೆ ಮುಖಪುಟಕ್ಕೆ ಚಿತ್ರ ಹುಡುಕುವುದು, ಫಾಂಟ್ ನೋಡುವುದು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬಗ್ಗೆ ಓದುವುದು ಇದರಲ್ಲೇ ಅರ್ಧ ಹೊತ್ತು ಹೋಗುತ್ತಿದೆ. 6 ತಿಂಗಳಲ್ಲಿ ಪುಸ್ತಕ ತರಬೇಕು ಅಂದುಕೊಂಡಿದ್ದೇನೆ. ಆಗುತ್ತದೆಯೇ? ಯಾವ ಕೆಲಸ ಯಾವಾಗ ಮಾಡಬೇಕು? ಮನೆಯವರ ಮೇಲೆ ಹೊರೆ ಬೀಳದ ಹಾಗೆ ಮಾಡುವ ಕ್ರಮ ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಹಾಳೆಲೆಕ್ಕ

6 ತಿಂಗಳಲ್ಲಿ ಆಗುವುದಿಲ್ಲ. ಇದನ್ನು ಈಗಲೇ ಒಪ್ಪಿಕೊಂಡರೆ ಮನೆಯ ಅರ್ಧ ಜಗಳ ತಪ್ಪುತ್ತದೆ, ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ಲೆಕ್ಕ ನೋಡಿ. ದಣಿದ ಮೇಲಿನ 45 ನಿಮಿಷಕ್ಕೆ 250 ಪದ ಅಂದರೆ ಸರಿಯಾದ ಅಂದಾಜು. ವಾರಕ್ಕೆ 5 ದಿನ ಹಿಡಿಯಿರಿ, 7 ಹಿಡಿಯಬೇಡಿ. 1,250 ಪದ ಆಯಿತು. ಉಳಿದ 27,000 ಪದಕ್ಕೆ 22 ವಾರ. ಮಗುವಿಗೆ ಜ್ವರ, ದೊಡ್ಡ ಮಗುವಿನ ಪರೀಕ್ಷೆ, ನೆಂಟರು, ಆಫೀಸಿನಲ್ಲಿ ತಿಂಗಳ ಕೊನೆ ಎಂದು ನಾಲ್ಕೈದು ವಾರಕ್ಕೊಂದು ವಾರ ಕೈತಪ್ಪುತ್ತದೆ. ಅಲ್ಲಿಗೆ 27-28 ವಾರ. ಕರಡು ಮುಗಿಯುವ ಹೊತ್ತಿಗೇ ನಿಮ್ಮ 6 ತಿಂಗಳು ದಾಟಿರುತ್ತದೆ. ಆಮೇಲೆ 4 ವಾರ ಹಸ್ತಪ್ರತಿಯನ್ನು ಮುಟ್ಟದೆ ಇಡಬೇಕು, ಕಥೆಯನ್ನು ತಿದ್ದಲು 10-12 ವಾರ, ಪುಟವಿನ್ಯಾಸಕ್ಕೆ ಮತ್ತು ಕರಡಚ್ಚು (ಪುಟ ಜೋಡಿಸಿದ ಮೇಲೆ ತಪ್ಪು ಹುಡುಕಲು ತೆಗೆಯುವ ಪ್ರತಿ, ಪ್ರೂಫ್) ತಿದ್ದಲು 12 ವಾರ ಬೇಕು. ಎಲ್ಲ ಸೇರಿ 13 ತಿಂಗಳಿನಷ್ಟು. ಮನೆಯವರಿಗೆ ಹೇಳುವಾಗ 15 ತಿಂಗಳು ಅನ್ನಿ.

ನಿಮ್ಮ ನಿಜವಾದ ತೊಂದರೆ ಇರುವುದು ಆ 45 ನಿಮಿಷದೊಳಗೆ ಮುಖಪುಟ, ಫಾಂಟ್ ನುಗ್ಗಿರುವುದರಲ್ಲಿ. ವೇಳೆಯಲ್ಲಿ ಎರಡು ಜಾತಿ. ಯಾರೂ ಕರೆಯದೆ ಸಿಗುವ ಅಖಂಡ ವೇಳೆ ಒಂದು. ಹಾಲು ಕಾಯುವಾಗ, ಮಗುವಿನ ಕ್ಲಾಸ್ ಬಿಡುವವರೆಗೆ ಕಾಯುವಾಗ ಸಿಗುವ ಚೂರು ವೇಳೆ ಇನ್ನೊಂದು. ಹೊಸದಾಗಿ ಬರೆಯುವುದು ಮತ್ತು ಕಥೆಯ ಕಟ್ಟಡ ತಿದ್ದುವುದು ಮಾತ್ರ ಅಖಂಡ ವೇಳೆಗೆ. ಮಿಕ್ಕಿದ್ದೆಲ್ಲ ಚೂರು ವೇಳೆಗೆ: ಪಾತ್ರಗಳ ವಯಸ್ಸು, ಊರು, ತಿಥಿವಾರ ತಾಳೆ ನೋಡುವುದು, ಬೆನ್ನುಡಿಯ ಸಾಲು, ಐಎಸ್‌ಬಿಎನ್ ಅರ್ಜಿಗೆ ಬೇಕಾದ ವಿವರ. ಇವಕ್ಕೆ ಫೋನಿನಲ್ಲಿ ಒಂದು ಟಿಪ್ಪಣಿ ಇಟ್ಟುಕೊಳ್ಳಿ. ರಾತ್ರಿ ಬರೆಯಲು ಕೂತಾಗ ಫಾಂಟಿನ ನೆನಪು ಬಂದರೆ ಅಲ್ಲಿ ಒಂದು ಪದ ಗುರುತು ಹಾಕಿ ವಾಪಸ್ಸು ಬನ್ನಿ.

ಕೂತ ತಕ್ಷಣ ಬರೆಯಲು ಆಗದಿರುವುದು ಇನ್ನೊಂದು ನಷ್ಟ. 45 ನಿಮಿಷದಲ್ಲಿ 15 ನಿಮಿಷ ‘ನಿನ್ನೆ ಎಲ್ಲಿದ್ದೆ’ ಎಂದು ಹಿಂದಿನದನ್ನು ಓದುವುದಕ್ಕೇ ಹೋದರೆ ಉಳಿಯುವುದು ಮೂರರಲ್ಲಿ ಎರಡು ಪಾಲು. ಅದಕ್ಕೆ ಏಳುವ ಮುಂಚಿನ 3 ನಿಮಿಷ ಮೀಸಲಿಡಿ. ನಾಳಿನ ದೃಶ್ಯದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ಏನು ಎಂದು ಮೂರು ಸಾಲು ಬರೆಯಿರಿ. ಕೊನೆಯ ವಾಕ್ಯವನ್ನು ಬೇಕೆಂದೇ ಅರ್ಧಕ್ಕೆ ಬಿಡಿ. ‘ಅವಳು ಬಾಗಿಲ ಚಿಲಕಕ್ಕೆ ಕೈ ಹಾಕಿ’ ಎಂದು ನಿಂತಿದ್ದರೆ ಮರುದಿನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಅಧ್ಯಾಯ ಮುಗಿಸಿ ಏಳುವುದು ತೃಪ್ತಿ ಕೊಡುತ್ತದೆ ನಿಜ, ಆದರೆ ಮರುದಿನದ ಖಾಲಿ ಪುಟ ಅದರ ಬೆಲೆ ತೆಗೆದುಕೊಳ್ಳುತ್ತದೆ.

ಮನೆಯವರ ಜೊತೆ ಮಾತಾಡುವಾಗ ‘ನನಗೆ ಸ್ವಲ್ಪ ಟೈಮ್ ಬೇಕು’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ದಿನ, ಎಷ್ಟರಿಂದ ಎಷ್ಟರವರೆಗೆ ಎಂದು ಹೇಳಿ. ಶುರುವಾಗುವ ಹೊತ್ತಿಗಿಂತ ಮುಗಿಯುವ ಹೊತ್ತು ಮುಖ್ಯ. 10:15ಕ್ಕೆ ಏಳುತ್ತೇನೆ ಎಂದವರು 10:15ಕ್ಕೆ ಎದ್ದರೆ ಒಂದೆರಡು ವಾರದಲ್ಲಿ ಮನೆಯವರೇ ಆ ಬಾಗಿಲು ಕಾಯುತ್ತಾರೆ. ನಿಮಗೆ ಎಷ್ಟು ವೇಳೆ ಸಿಗುತ್ತದೋ ಅಷ್ಟೇ ವೇಳೆ ನಿಮ್ಮ ಸಂಗಾತಿಗೂ ಅವರಿಗೆ ಇಷ್ಟವಾದದ್ದಕ್ಕೆ ಸಿಗಬೇಕು. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದು ಗೋಡೆಗೆ ಹಾಕಿ. 9 ವರ್ಷದ ಮಗುವಿಗೆ ಗಡಿಯಾರ ತೋರಿಸಿ ಹೇಳಿದರೆ ಅರ್ಥವಾಗುತ್ತದೆ. 4 ವರ್ಷದ ಮಗುವಿಗೆ ಆಗುವುದಿಲ್ಲ, ಆದ್ದರಿಂದ ಆ ಮಗು ಎಚ್ಚರ ಇರುವಾಗ ಹೊಸ ದೃಶ್ಯಕ್ಕೆ ಕೈ ಹಾಕಲೇಬೇಡಿ.

ಅಚ್ಚುಮೊಳೆ

ಮೇಲೆ ಹೇಳಿದ ವೇಳೆಯ ಲೆಕ್ಕ ಸರಿ. ಕರಡಚ್ಚಿನ ಹಂತವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಸ್ವಂತ ಪ್ರಕಟಣೆ ಮನೆಯ ನೆಮ್ಮದಿಯನ್ನು ತಿನ್ನುವುದು ಅಲ್ಲೇ.

ಡೆಮಿ 1/8, ಅಂದರೆ 5.5 × 8.5 ಅಂಗುಲದ ಪುಟದಲ್ಲಿ ಓದಲು ಹಿತವಾದ ಅಕ್ಷರ ಇಟ್ಟರೆ ಸುಮಾರು 220 ಪದ ಹಿಡಿಸುತ್ತವೆ. 45,000 ಪದಕ್ಕೆ 205 ಪುಟ. ಆಫ್‌ಸೆಟ್ ಮುದ್ರಣದಲ್ಲಿ (ಪ್ಲೇಟು ಮಾಡಿ ಒಟ್ಟಿಗೆ ಹೆಚ್ಚು ಪ್ರತಿ ಅಚ್ಚು ಹಾಕುವ ಕ್ರಮ) 16 ಪುಟಕ್ಕೊಂದು ಫಾರಂ, ಅಂದರೆ ದೊಡ್ಡ ಹಾಳೆ ಮಡಚಿ ಬರುವ ಪುಟಗಳ ಕಟ್ಟು, ಹಾಗಾಗಿ 13 ಫಾರಮ್ಮಿಗೆ 208 ಪುಟ ನಿಮ್ಮ ಗುರಿ. ಶೀರ್ಷಿಕೆ ಪುಟ, ಹಕ್ಕುಪುಟ, ಅರ್ಪಣೆ ಎಲ್ಲ ಈ 208ರೊಳಗೇ ಬರಬೇಕು. 210 ಆದರೆ 14ನೇ ಫಾರಂ ಬೇಕಾಗಿ 14 ಪುಟ ಖಾಲಿ ಉಳಿಯುತ್ತವೆ. ಆಗ ಅಂಚು ಒಂದೆರಡು ಮಿಲಿಮೀಟರ್ ಕಡಿಮೆ ಮಾಡಿದರೆ ಸಾಕು, ಅಕ್ಷರವನ್ನು ಕುಗ್ಗಿಸಬೇಡಿ.

ಒಂದು ಸಲ ಕೂತರೆ 10 ಪುಟಕ್ಕಿಂತ ಹೆಚ್ಚು ತಿದ್ದಬೇಡಿ, ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಓದತೊಡಗುತ್ತದೆ. 208 ಪುಟಕ್ಕೆ 21 ಸಲ, ಎರಡು ಸುತ್ತಿಗೆ 42. ವಾರಕ್ಕೆ 5ರಂತೆ 8 ವಾರಕ್ಕೂ ಮೇಲೆ. ಇದನ್ನು ಬಿಡುಗಡೆಯ ಹಿಂದಿನ ಎರಡು ವಾರಕ್ಕೆ ತುರುಕುವುದರಿಂದಲೇ ಮನೆಯಲ್ಲಿ ಅಡುಗೆ, ಹೋಮ್‌ವರ್ಕ್ ಎಲ್ಲ ಒಬ್ಬರ ಮೇಲೆ ಬೀಳುವುದು. ಕರಡಚ್ಚಿನ ಎರಡನೇ ಸುತ್ತು ಮುಗಿಯುವವರೆಗೆ ಬಿಡುಗಡೆಯ ದಿನಾಂಕವನ್ನು ಯಾರಿಗೂ ಹೇಳಬೇಡಿ.

ಕನ್ನಡದ ಕಡತದಲ್ಲಿ ಮಾತ್ರ ಬರುವ ತಪ್ಪುಗಳನ್ನು ಮೊದಲೇ ತೆಗೆದರೆ ಈ ಕೆಲಸ ಬಹಳ ಹಗುರಾಗುತ್ತದೆ. ಮೊದಲನೆಯದು ಅನುಸ್ವಾರದ ಜಾಗದಲ್ಲಿ ಸೊನ್ನೆ. ‘ಅ೦ಗಳ’ ಮತ್ತು ‘ಅಂಗಳ’ ಕಣ್ಣಿಗೆ ಒಂದೇ; ಮೊದಲನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ‘ಅಂಗಳ’ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ, ಕೆಲವು ಫಾಂಟುಗಳಲ್ಲಿ ಗಾತ್ರವೂ ಎದ್ದು ಕಾಣುತ್ತದೆ. ನಿಮ್ಮ ಪುಸ್ತಕದಲ್ಲಿ ಅಂಕಿಗಳು 1, 2, 3 ಎಂದೇ ಇದ್ದರೆ ‘೦’ ಎಂದು ಹುಡುಕಿ. ಸಿಕ್ಕಿದ್ದೆಲ್ಲ ತಪ್ಪೇ, ಒಟ್ಟಿಗೇ ಬದಲಾಯಿಸಬಹುದು. ಎರಡನೆಯದು ಒತ್ತು ಬೀಳದಂತೆ ತಡೆಯುವ ಕಾಣದ ಅಕ್ಷರ. ‘ಬಸ್‌ನಲ್ಲಿ’ ಎಂದು ಟೈಪ್ ಮಾಡಿದ್ದು ಆ ಅಕ್ಷರ ಅಳಿಸಿಹೋದರೆ ‘ಬಸ್ನಲ್ಲಿ’ ಆಗುತ್ತದೆ. ಕಡತವನ್ನು ಒಂದು ಆ್ಯಪಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ, ಅಥವಾ ‘ಅನಗತ್ಯ ಚಿಹ್ನೆ ತೆಗೆ’ ಎಂಬ ಸೌಲಭ್ಯ ಬಳಸಿದಾಗ ಇದು ಸಾಲುಸಾಲಾಗಿ ಆಗುತ್ತದೆ. ಇಂಗ್ಲಿಷ್ ಪದಕ್ಕೆ ವಿಭಕ್ತಿ ಸೇರಿದ ಕಡೆ ಒಮ್ಮೆ ಕಣ್ಣಾಡಿಸಿ.

ಹಳೆಯ ಆಸ್ಕಿ ಫಾಂಟಿನಲ್ಲಿ (ಆ ಫಾಂಟ್ ಇಲ್ಲದ ಕಡೆ ಕನ್ನಡವಾಗಿ ಕಾಣದ ಹಳೆಯ ಕ್ರಮ) ಬರೆದ ಭಾಗ ಇದ್ದರೆ ಈಗಲೇ ಯೂನಿಕೋಡಿಗೆ, ಅಂದರೆ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ನಡೆಯುವ ಅಕ್ಷರಕ್ರಮಕ್ಕೆ ತನ್ನಿ. ಹಾಗೆ ಬದಲಿಸುವ ತಂತ್ರಾಂಶದಿಂದ ಬಂದದ್ದರಲ್ಲಿ ಅರ್ಕಾವೊತ್ತು ಮತ್ತು ಎರಡು ಒತ್ತಿರುವ ಅಕ್ಷರಗಳನ್ನು ಕಣ್ಣಾರೆ ನೋಡಬೇಕು. ಪುಟವಿನ್ಯಾಸವನ್ನು ಇನ್‌ಡಿಸೈನ್ ಎಂಬ ತಂತ್ರಾಂಶದಲ್ಲಿ ಮಾಡಿಸುವುದಾದರೆ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಎಂಬ ಸೆಟ್ಟಿಂಗ್ ಆಯ್ಕೆ ಮಾಡಿದ್ದಾರೆಯೇ ಎಂದು ಕೇಳಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತವೆ. ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗಿರಲಿ.

ಮುಖಪುಟವನ್ನು ಈಗ ಮಾಡಿಸಿದರೆ ಇನ್ನೊಂದು ಸಲ ಮಾಡಿಸಬೇಕಾಗುತ್ತದೆ. 208 ಪುಟ ಅಂದರೆ 104 ಹಾಳೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಬೆನ್ನು, ಅಂದರೆ ಪುಸ್ತಕ ಕಟ್ಟಿದ ಬದಿಯ ದಪ್ಪ, 10.4 ಮಿಲಿಮೀಟರ್. ಪುಟ 240 ಆದರೆ ಬೆನ್ನು 12 ಆಗಿ, ಅದರ ಮೇಲಿನ ಹೆಸರು ಒಂದು ಪಕ್ಕಕ್ಕೆ ಸರಿಯುತ್ತದೆ. ಪುಟಸಂಖ್ಯೆ ಖಚಿತವಾದ ಮೇಲೆ, ಮುದ್ರಕರಿಂದ ಕಾಗದದ ನಿಜವಾದ ದಪ್ಪ ಕೇಳಿ ಮುಖಪುಟ ಮಾಡಿಸಿ. ನಾಲ್ಕೂ ಅಂಚಿಗೆ 3 ಮಿಲಿಮೀಟರ್ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗಲೆಂದು ಬಿಡುವ ಹೆಚ್ಚುವರಿ ಭಾಗ), ಚಿತ್ರ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ).

ಎರಡನೇಓದು

ನಾನು ಹೇಳುವುದು ಮನೆಯವರನ್ನು ಪುಸ್ತಕದೊಳಗೆ ಎಷ್ಟು ಎಳೆಯಬೇಕು ಎಂಬ ಬಗ್ಗೆ.

ಸಂಗಾತಿಯನ್ನು ಮೊದಲ ಓದುಗರಾಗಿ ಮಾಡಿಕೊಳ್ಳಬೇಡಿ, ಅವರೇ ಆಸೆಪಟ್ಟು ಕೇಳಿದರೆ ಬೇರೆ. ‘ಚೆನ್ನಾಗಿಲ್ಲ’ ಅಂದರೆ ನಿಮಗೆ ನೋವು, ‘ಚೆನ್ನಾಗಿದೆ’ ಅಂದರೆ ನಿಮಗೆ ಅನುಮಾನ, ಓದದೇ ಇದ್ದರೆ ಮುನಿಸು. ಆ ಸ್ಥಾನಕ್ಕೆ ಯಾರನ್ನೂ ತಳ್ಳಬಾರದು. ಹೊರಗಿನ 3 ಜನ ಸಾಕು. ಒಬ್ಬರಾದರೂ ಇದೇ ಬಗೆಯ ಕಾದಂಬರಿಗಳನ್ನು ಓದುವವರಾಗಿರಲಿ. ‘ಹೇಗಿದೆ’ ಎಂದು ಕೇಳಬೇಡಿ. ಎಲ್ಲಿ ಓದು ನಿಲ್ಲಿಸಿದಿರಿ, ಯಾರು ಯಾರೆಂದು ಎಲ್ಲಿ ಗೊಂದಲವಾಯಿತು, ಯಾವುದನ್ನು ನಂಬಲಾಗಲಿಲ್ಲ ಎಂದು ಕೇಳಿ. ಇಬ್ಬರು ಒಂದೇ ಪುಟದಲ್ಲಿ ನಿಂತಿದ್ದರೆ ಅಲ್ಲಿ ದೋಷ ಇದೆ, ಅವರು ಹೇಳುವ ಪರಿಹಾರ ಸರಿಯಿರಬೇಕೆಂದೇನಿಲ್ಲ.

ಆದರೆ ಒಂದು ವಿಷಯಕ್ಕೆ ಮನೆಯವರು ಓದಲೇಬೇಕು: ಅವರ ಬದುಕಿನ ಘಟನೆ ಕಥೆಯಲ್ಲಿದ್ದರೆ. ಹೆಸರು, ವೃತ್ತಿ ಬದಲಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಅತ್ತೆಯೊಬ್ಬರು ಮಾತಿನ ಕೊನೆಗೆ ಸೇರಿಸುವ ಒಂದು ಪದ, ಮಾವ ಕನ್ನಡಕ ಒರೆಸುವ ರೀತಿ ಸಾಕು, ನೆಂಟರಿಷ್ಟರು ಹಿಡಿದುಬಿಡುತ್ತಾರೆ. ಆ ಪುಟಗಳನ್ನಷ್ಟೇ ಮುದ್ರಿಸಿ ಕೊಡಿ, ಕರಡಚ್ಚಿಗಿಂತ ಮೊದಲು ಕೊಡಿ, ತೆಗೆಯಿರಿ ಎಂದರೆ ತೆಗೆಯುವ ಮನಸ್ಸಿಟ್ಟುಕೊಂಡು ಕೊಡಿ. ಮಕ್ಕಳ ನಿಜವಾದ ಹೆಸರು, ಶಾಲೆ ಪುಸ್ತಕದಲ್ಲಾಗಲಿ ಲೇಖಕರ ಪರಿಚಯದಲ್ಲಾಗಲಿ ಬೇಡ.

ಹಣ. ಮನೆಯ ಖಾತೆಯಿಂದ ಬಿಡಿಬಿಡಿಯಾಗಿ ತೆಗೆಯದೆ, ಒಟ್ಟು ಮೊತ್ತವನ್ನು ಇಬ್ಬರೂ ಕೂತು ಒಮ್ಮೆ ಗೊತ್ತುಮಾಡಿ ಬೇರೆ ಇಡಿ. ಅದು ಪೂರ್ತಿ ಹೋದರೂ ಮನೆಖರ್ಚಿಗೆ ತೊಂದರೆಯಾಗದಷ್ಟಿರಲಿ. ಖರ್ಚಿನ ಕ್ರಮ: ಸಂಪಾದಕರು, ಕರಡಚ್ಚು ತಿದ್ದುವವರು, ಮುಖಪುಟ, ಉಳಿದರೆ ಜಾಹೀರಾತು. ಜಾಹೀರಾತಿನಿಂದ ಶುರುಮಾಡಿದವರ ಪುಸ್ತಕದಲ್ಲಿ ತಪ್ಪುಗಳು ಉಳಿಯುತ್ತವೆ, ಜಾಹೀರಾತು ಆ ತಪ್ಪುಗಳನ್ನೇ ಹೆಚ್ಚು ಜನಕ್ಕೆ ತಲುಪಿಸುತ್ತದೆ.

ಎಷ್ಟು ಪ್ರತಿ ಅಚ್ಚು ಹಾಕಿಸುತ್ತೀರಿ ಎಂಬುದು ಮನೆಯ ಜಾಗದ ಪ್ರಶ್ನೆ ಕೂಡ. ಅಚ್ಚುಮೊಳೆಯವರು ಹೇಳಿದ ಅಳತೆಯ 208 ಪುಟದ ಪುಸ್ತಕ ರಟ್ಟು ಸೇರಿ ಸುಮಾರು 270 ಗ್ರಾಂ. 500 ಪ್ರತಿ ಅಂದರೆ 135 ಕಿಲೋ. 50ರ ಪೆಟ್ಟಿಗೆ ಮಾಡಿದರೆ 13.5 ಕಿಲೋದ 10 ಪೆಟ್ಟಿಗೆ. ಅವನ್ನು ನೆಲಕ್ಕೆ ತಾಗದಂತೆ, ಗೋಡೆಯ ತೇವ ಸೋಕದಂತೆ ಇಡಬೇಕು. ಮೊದಲ ಸಲಕ್ಕೆ ಬೇಡಿಕೆಯಂತೆ ಮುದ್ರಣ (ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಹಾಕುವುದು) ಅಥವಾ 100 ಪ್ರತಿಯ ಡಿಜಿಟಲ್ ಮುದ್ರಣವೇ ಮನೆ, ಮಕ್ಕಳಿರುವವರಿಗೆ ಸರಿ. ಪ್ರತಿಗೆ ಬೀಳುವ ಖರ್ಚು ಹೆಚ್ಚು, ನಿಜ. ಮಂಚದ ಕೆಳಗೆ ಪೆಟ್ಟಿಗೆ ಉಳಿಯುವುದಿಲ್ಲ.

ಅರ್ಧಕರಡು

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ದಿನಾಂಕದ ಆಸೆ ಬಿಟ್ಟೆ. ಇನ್ನೆರಡು ಕೇಳಬೇಕಿತ್ತು. ಚೂರು ವೇಳೆಯಲ್ಲಿ ಫೋನಿಗೆ ಮಾತಾಡಿ ಬರೆಸಬಹುದೇ? ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್, ಮಕ್ಕಳೂ ಬಳಸುತ್ತಾರೆ. ಕಡತ ಹೇಗೆ ಕಾಪಾಡಲಿ?

ಹಾಳೆಲೆಕ್ಕ

ಧ್ವನಿ ಟೈಪಿಂಗ್ ಸಂಭಾಷಣೆಗೆ ಒಳ್ಳೆಯದು, ವರ್ಣನೆಗೆ ಅಷ್ಟಕ್ಕಷ್ಟೆ. ಆಡುಮಾತಿನ ರೂಪಗಳನ್ನು ಅದು ಗ್ರಾಂಥಿಕಕ್ಕೆ ತಿರುಗಿಸಿಬಿಡುವುದುಂಟು, ‘ಹೋಗ್ತೀನಿ’ ಅಂದದ್ದು ‘ಹೋಗುತ್ತೇನೆ’ ಆಗಬಹುದು. ಪೂರ್ಣವಿರಾಮ, ಉದ್ಧರಣ ಚಿಹ್ನೆ ಕೈಯಾರೆ ಹಾಕಬೇಕಾಗಬಹುದು. ಬರೆಸಿದ್ದನ್ನು ಅದೇ ದಿನ ತಿದ್ದಿಡಿ. ವಾರ ಬಿಟ್ಟರೆ ಏನು ಹೇಳಿದ್ದಿರೆಂದು ನಿಮಗೇ ಗೊತ್ತಾಗುವುದಿಲ್ಲ. ಇದಕ್ಕಿಂತ ಹೆಚ್ಚು ಉಪಯೋಗ ತಿರುಗುಮುರುಗು ಮಾಡಿದರೆ: ಬರೆದ ಅಧ್ಯಾಯವನ್ನು ಫೋನಿನಿಂದಲೇ ಓದಿಸಿ, ಪಾತ್ರೆ ತೊಳೆಯುವಾಗ ಕೇಳಿ. ಒಂದೇ ಪದ ಮೂರು ಸಾಲಿನಲ್ಲಿ ನಾಲ್ಕು ಸಲ ಬಂದದ್ದು ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳುತ್ತದೆ.

ಅಚ್ಚುಮೊಳೆ

ಲ್ಯಾಪ್‌ಟಾಪಿನಲ್ಲಿ ನಿಮಗೊಂದು, ಮಕ್ಕಳಿಗೊಂದು ಬೇರೆ ಬೇರೆ ಯೂಸರ್ ಖಾತೆ ಮಾಡಿ, ನಿಮ್ಮದಕ್ಕೆ ಪಾಸ್‌ವರ್ಡ್ ಹಾಕಿ. ಕಡತದ ಮೂರು ಪ್ರತಿ ಇರಲಿ: ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಆನ್‌ಲೈನ್ ಸಂಗ್ರಹದಲ್ಲಿ ಒಂದು. ತಾನಾಗಿ ಉಳಿಯುವ ಆನ್‌ಲೈನ್ ಪ್ರತಿ ಒಂದನ್ನೇ ನಂಬಬೇಡಿ. ಮಗು ಇಡೀ ಅಧ್ಯಾಯ ಅಳಿಸಿದರೆ ಆ ಅಳಿಸಿದ್ದೂ ತಾನಾಗಿಯೇ ಅಲ್ಲಿ ಉಳಿಯುತ್ತದೆ. ವಾರಕ್ಕೊಮ್ಮೆ ದಿನಾಂಕ ಹಾಕಿದ ಹೆಸರಿನಲ್ಲಿ ಬೇರೆ ಪ್ರತಿ ಉಳಿಸಿ, ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. ಆಗ ಪಟ್ಟಿಯಲ್ಲಿ ತಾನಾಗಿ ಸಾಲಾಗಿ ಕೂರುತ್ತವೆ. ಕಡತಕ್ಕೆ ‘ಕೊನೆಯದು’ ಎಂದು ಹೆಸರಿಡಬೇಡಿ.