‘ನಾಟಿ’ ಅನ್ನುವುದು ಕೋಳಿಯ ತಳಿಯೇ?

ಎಲ್ಲರಿಗೂ ನಮಸ್ಕಾರ.

ಕೋಳಿಯ ವಿಷಯದಲ್ಲಿ ‘ನಾಟಿ’ ಅಂದರೆ ನೀವು ಏನು ಅರ್ಥ ಮಾಡಿಕೊಳ್ಳುತ್ತೀರಿ? ಅದು ತಳಿಯ ಹೆಸರೇ, ಸಾಕುವ ರೀತಿಯೇ, ಇಲ್ಲ ಸುಮ್ನೆ ‘ಹೊರಗಿನದಲ್ಲ’ ಅನ್ನುವುದಕ್ಕೆ ಇರುವ ಮಾತೇ? ಯಲಹಂಕದ ಹತ್ತಿರ ನಡೆದ ಒಂದು ಕೋಳಿ ಪ್ರದರ್ಶನ ನೋಡಿ ಬಂದ ಮೇಲೆ ಈ ಪ್ರಶ್ನೆ ಬಿಡುತ್ತಿಲ್ಲ. ಅಲ್ಲಿ ಪ್ರತಿ ಪಂಜರಕ್ಕೂ ಚೀಟಿ ಅಂಟಿಸಿದ್ದರು: ಅಸೀಲ್, ಕಡಕ್‌ನಾಥ್, ಬ್ರಹ್ಮ, ಕೊಚ್ಚಿನ್, ಸಿಲ್ಕಿ, ಪೋಲಿಷ್. ಅದೇ ಸಾಲಿನ ಕೊನೆಗೆ ‘ತಳಿ: ನಾಟಿ’ ಅಂತ ಬರೆದ ಪಂಜರಗಳು. ಆದರೆ ಅವುಗಳ ಒಳಗಿದ್ದ ಹಕ್ಕಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದು, ಕತ್ತಿನ ಮೇಲೆ ಗರಿಯೇ ಇಲ್ಲದ ಕೆಂಪು ಹುಂಜ. ಪಕ್ಕದಲ್ಲಿ, ಗರಿಯೆಲ್ಲ ಹೊರಮುಖವಾಗಿ ಸುರುಳಿ ಸುತ್ತಿಕೊಂಡ ಬೂದು ಹ್ಯಾಟೆ. ಅದರಾಚೆ ಗಿಡ್ಡ ಕಾಲಿನ ಕರಿ ಕೋಳಿ, ಸುತ್ತ ಅದರ ಪಿಳ್ಳೆಗಳು. ಜನ ದೊಡ್ಡ ಬ್ರಹ್ಮ ಹುಂಜದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಅದೂ ಚೆಂದವೇ, ಕಾಲಿನ ಬೆರಳ ತನಕ ಗರಿ. ಆದರೆ ನನಗೆ ಈ ನಾಟಿ ಸಾಲೇ ಜಾಸ್ತಿ ಹಿಡಿಸಿತು.

ಮೊದಲು ಪದದ ಮೂಲ. ಗದ್ದೆಯಲ್ಲಿ ಮಾಡುವ ನಾಟಿ ‘ನಾಟು’ ಅನ್ನುವ ಕ್ರಿಯೆಯಿಂದ ಬಂದದ್ದು, ಅದು ಬೇರೆ. ನಮ್ಮ ನಾಟಿ ಕೋಳಿ, ನಾಟಿ ವೈದ್ಯ, ನಾಟಿ ಟೊಮೆಟೊ ಇವೆಲ್ಲ ‘ನಾಡು’ ಕಡೆಯವು. ತಮಿಳಿನಲ್ಲಿ ‘ನಾಡು’ ಇನ್ನೊಂದು ಪದಕ್ಕೆ ಸೇರುವಾಗ ‘ನಾಟ್ಟು’ ಆಗುತ್ತದೆ, ಹಾಗಾಗಿ ನಾಟ್ಟುಕ್ಕೋಳಿ. ತೆಲುಗಿನವರು ನಾಟು ಕೋಡಿ ಅನ್ನುತ್ತಾರೆ. ಕನ್ನಡದ ದಾರಿಯಲ್ಲಿ ಹೋಗಿದ್ದರೆ ಅದು ‘ನಾಡಕೋಳಿ’ ಆಗಬೇಕಿತ್ತು ಅಲ್ವಾ, ನಾಡಹೆಂಚು, ನಾಡಬಂದೂಕು ಇರುವ ಹಾಗೆ? ‘ಡ’ ಇರಬೇಕಾದ ಕಡೆ ‘ಟ’ ಬಂದಿರುವುದನ್ನು ನೋಡಿದರೆ, ಮೂರು ನುಡಿಗಳೂ ಬೆರೆಯುವ ಬೆಂಗಳೂರು, ಕೋಲಾರದ ಕಡೆ ಇದು ನೆರೆಯವರಿಂದ ಬಂದಿರಬೇಕು ಅಂತ ನನ್ನ ಊಹೆ. ಧಾರವಾಡದ ಕಡೆ ಜವಾರಿ ಕೋಳಿ, ಮಂಗಳೂರಿನ ಕಡೆ ಊರ ಕೋಳಿ ಅನ್ನುವುದೂ ಈ ಊಹೆಗೆ ಒತ್ತು ಕೊಡುತ್ತದೆ. ಹಳೆಯ ಬರಹಗಳಲ್ಲಿ ಈ ಅರ್ಥದ ‘ನಾಟಿ’ಯನ್ನು ಕಂಡವರು ದಯವಿಟ್ಟು ತಿಳಿಸಿ.

ಈಗ ಅರ್ಥಕ್ಕೆ ಬರೋಣ. ತಳಿ ಅನ್ನಬೇಕಾದರೆ ಅದರದ್ದೇ ಹುಂಜ, ಅದರದ್ದೇ ಹ್ಯಾಟೆ ಜೊತೆ ಬಿಟ್ಟಾಗ ಮರಿಗಳೂ ಅದೇ ರೂಪದಲ್ಲಿ ಬರಬೇಕು. ನಾಟಿಯಲ್ಲಿ ಆ ಖಾತರಿ ಇಲ್ಲ. ಬೋಳುಕತ್ತಿಗೆ ಕಾರಣ ಒಂದೇ ಒಂದು ಜೀನ್, ಗರಿ ಸುರುಳಿಯಾಗುವುದಕ್ಕೂ ಮುಖ್ಯವಾಗಿ ಒಂದೇ ಜೀನ್ ಕಾರಣ, ಎರಡೂ ಯಾವ ತಳಿಯ ಕೋಳಿಗೆ ಬೇಕಾದರೂ ಬೆರಕೆಯಿಂದ ಬರಬಹುದು. ಕತ್ತಿನಲ್ಲೂ ಮೈಮೇಲೂ ಗರಿ ಕಡಿಮೆ ಇರುವ ಕೋಳಿ ಮೈಯ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ, ಅದಕ್ಕೇ ಸೆಕೆ ತಡೆಯುತ್ತದೆ. ಇಂಥ ಒಳ್ಳೆಯ ಗುಣ ಇರುವ ಹಕ್ಕಿಯ ಚೀಟಿಯಲ್ಲಿ ಬರೀ ‘ನಾಟಿ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ.

ಸಂತೆಯಲ್ಲಿ ಅಳತೆಯೇ ಬೇರೆ. ಬಿಳಿ ಇದ್ದರೆ ಫಾರಂ, ಬಣ್ಣದ ಗರಿ ಇದ್ದರೆ ನಾಟಿ. ಹೀಗಾಗಿ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿ 1989ರಲ್ಲಿ ರೈತರಿಗೆ ಕೊಟ್ಟ ಗಿರಿರಾಜ, ಅಲ್ಲಿಂದಲೇ ಆಮೇಲೆ ಬಂದ ಸ್ವರ್ಣಧಾರ, ಇವೂ ಎಷ್ಟೋ ಅಂಗಡಿಗಳಲ್ಲಿ ನಾಟಿ ಅನ್ನಿಸಿಕೊಳ್ಳುತ್ತವೆ. ಪ್ರದರ್ಶನಕ್ಕೆ ಕೋಳಿ ತಂದಿದ್ದ ಅಜ್ಜಿಯೊಬ್ಬರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ತಾನೇ ಕಾವಿಗೆ ಕೂತು ಮರಿ ಮಾಡುವುದು ಮಾತ್ರ ನಾಟಿ. ಈ ಅಳತೆ ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಮೊಟ್ಟೆಗೆಂದೇ ಬೆಳೆಸಿದ ಲೆಗ್‌ಹಾರ್ನ್‌ನಂಥ ಕೋಳಿಗಳು ಕಾವಿಗೆ ಕೂರುವುದೇ ಅಪರೂಪ. ಆದರೆ ಸಿಲ್ಕಿ ಬೇರೆ ಕೋಳಿಯ ಮೊಟ್ಟೆಗೂ ಕಾವು ಕೊಡುವಷ್ಟು ಒಳ್ಳೆಯ ತಾಯಿ, ಅದನ್ನು ಯಾರೂ ನಾಟಿ ಅನ್ನುವುದಿಲ್ಲ. ಅಂದರೆ ಅಜ್ಜಿಯ ಮಾತಿನಲ್ಲಿ ಹುಟ್ಟೂ ಇದೆ, ನಡತೆಯೂ ಇದೆ, ಎರಡೂ ಸೇರಿದರೇ ನಾಟಿ.

ಇನ್ನು ಹೆಸರು ನಂಬಿ ಹೋದರೆ ದಾರಿ ತಪ್ಪುತ್ತದೆ. ಬ್ರಹ್ಮ ಅಂದ ತಕ್ಷಣ ನಮ್ಮದೇ ಅಂದುಕೊಂಡವರು ಅಲ್ಲಿ ಬಹಳ ಜನ. ಹೆಸರೇನೋ ಬ್ರಹ್ಮಪುತ್ರದ್ದು, ಆದರೆ ಶಾಂಘೈನಿಂದ ಹಡಗಿನಲ್ಲಿ ಹೋದ ಕೋಳಿಗಳಿಂದ ಅಮೆರಿಕದಲ್ಲಿ ಬೆಳೆಸಿದ ತಳಿ ಅದು. 1852ರಲ್ಲಿ ಅಲ್ಲಿಂದ ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಹೋಗಿತ್ತು. ಕೊಚ್ಚಿನ್ ಕೂಡ ಕೇರಳದ ಕೊಚ್ಚಿಯದ್ದಲ್ಲ, ಚೀನಾದ ಹಕ್ಕಿ, ಈಗಿನ ವಿಯೆಟ್ನಾಂನ ದಕ್ಷಿಣ ಭಾಗಕ್ಕೆ ಇದ್ದ ಕೊಚ್ಚಿನ್-ಚೀನಾ ಅನ್ನುವ ಹೆಸರು ಅದಕ್ಕೆ ಅಂಟಿಕೊಂಡಿತು. ಅಸೀಲ್ ಇದಕ್ಕೆ ತದ್ವಿರುದ್ಧ. ಪದ ಅರಬ್ಬಿಯದ್ದು, ಕುಲೀನ, ಬೆರಕೆಯಿಲ್ಲದ್ದು ಅನ್ನುವ ಅರ್ಥ, ನಾವು ಬಡ್ಡಿಯ ಲೆಕ್ಕದಲ್ಲಿ ಹೇಳುವ ‘ಅಸಲು’ ಕೂಡ ಅದೇ ಬೇರಿನದು. ಹಕ್ಕಿ ಮಾತ್ರ ಅಪ್ಪಟ ಭಾರತದ್ದು. ನೆಟ್ಟಗಿನ ನಿಲುವು, ಉದ್ದ ಕತ್ತು, ಮೈಗೆ ಅಂಟಿದ ಗಟ್ಟಿ ಗರಿ. ಅದರೊಳಗೇ ಬಣ್ಣದ ಮೇಲೆ ಪೀಲಾ, ನೂರಿ, ಯಾಕೂಬ್, ಕಾಗರ್ ಅಂತ ಒಳಹೆಸರುಗಳಿವೆ. ಅಷ್ಟು ವಿವರವಾಗಿ ಹೆಸರಿಟ್ಟವರು ಹಕ್ಕಿಯನ್ನು ಎಷ್ಟು ಗಮನಿಸಿ ನೋಡಿರಬೇಕು! ನಮ್ಮ ನಾಟಿಗೂ ಅಂಥ ಒಳಹೆಸರುಗಳು ಹಳ್ಳಿಗಳಲ್ಲಿ ಇದ್ದೇ ಇರಬೇಕು, ಅವು ಚೀಟಿಗೆ ಬರುತ್ತಿಲ್ಲ ಅಷ್ಟೇ.

ಇನ್ನೊಂದು ಸಣ್ಣ ತೊಡಕು, ಜುಟ್ಟು. ಹುಂಜದ ತಲೆಯ ಮೇಲಿನ ಕೆಂಪು ಮಾಂಸದ ಭಾಗಕ್ಕೂ ಜುಟ್ಟು ಅನ್ನುತ್ತೇವೆ, ಪೋಲಿಷ್ ಕೋಳಿಯ ತಲೆ ಮೇಲಿನ ಗರಿಯ ಗೊಂಚಲಿಗೂ ಜುಟ್ಟು ಅನ್ನುತ್ತೇವೆ. ಗರಿಯದ್ದಕ್ಕೆ ‘ತುರಾಯಿ’ ಅಂದರೆ ಹೇಗೆ? ನನಗೆ ಸರಿ ಕಾಣುತ್ತದೆ, ಆದರೆ ಕೋಳಿ ಸಾಕುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಪದ ಇದ್ದರೆ ಅದೇ ಇರಲಿ.

ನಿಮ್ಮ ಕಡೆ ಬೋಳುಕತ್ತಿನ ಕೋಳಿಗೆ, ಸುರುಳಿ ಗರಿಯದ್ದಕ್ಕೆ, ಗಿಡ್ಡ ಕಾಲಿನದ್ದಕ್ಕೆ, ಚುಕ್ಕೆ ಇರುವುದಕ್ಕೆ ಏನೇನು ಅನ್ನುತ್ತಾರೆ? ಪದದ ಜೊತೆ ತಾಲ್ಲೂಕಿನ ಹೆಸರನ್ನೂ ಬರೆಯಿರಿ. ಮನೆಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಕೋಳಿ ಸಾಕಿದವರಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.