9 ವರ್ಷದ ಮಗಳಿಗೂ ತಮ್ಮನಿಗೂ ಮೊದಲ ಕ್ವಾಡ್ ಬೈಕ್: ಒಂದೇ ಗಾಡಿ ಸಾಕಾ?

ಹಿರಿಯಡ್ಕ ತೋಟ:
ನಮಸ್ಕಾರ. ಮಗಳಿಗೆ 9 ವರ್ಷ, ಎತ್ತರ 130 ಸೆಂ.ಮೀ., ತೂಕ 27 ಕೆಜಿ. ತಮ್ಮನಿಗೆ 32, ಸ್ಕೂಟರ್ ಬಿಟ್ಟು ಬೇರೆ ಎಂತದೂ ಓಡಿಸಿ ಗೊತ್ತಿಲ್ಲ. ಇಬ್ಬರಿಗೂ ಕ್ವಾಡ್ (ನಾಲ್ಕು ಚಕ್ರದ ಬೈಕ್) ಕಲಿಯುವ ಆಸೆ. ಜಾಗ ನಮ್ಮದೇ. ಮೇಲೆ ಅರ್ಧ ಎಕರೆಯಷ್ಟು ಮುರಕಲ್ಲಿನ ಪದವು (ಎತ್ತರದ ಬಯಲು), ಕೆಳಗೆ ಅಡಿಕೆ ತೋಟ, ನಡುವೆ ಆಳೆತ್ತರದ ಧರೆ (ಕಡಿದಾದ ಮಣ್ಣಿನ ದಂಡೆ). ತಮ್ಮನಿಗೆ ಅದರಲ್ಲೇ ಗೊಬ್ಬರ, ತೆಂಗಿನಕಾಯಿ ಸಾಗಿಸುವ ಲೆಕ್ಕಾಚಾರವೂ ಉಂಟು. 125 ಸಿಸಿಯದ್ದು ಒಂದು ತಗೊಂಡ್ರೆ ಇಬ್ಬರಿಗೂ ಆಗ್ತದೆ, ಮಗು ದೊಡ್ಡದಾದ ಮೇಲೂ ಬರ್ತದೆ ಅಂತ ಮಾರುವವರು ಹೇಳಿದ್ರು. ಸರಿಯಾ? ಕೊಳ್ಳುವ ಮೊದಲು ಎಂತೆಲ್ಲ ನೋಡಬೇಕು? ಭಾನುವಾರ ಮಲ್ಪೆ ಬೀಚಿಗೆ ಒಯ್ಯಬಹುದಾ?

ಪದವಿನ ಸವಾರ:
ಒಂದೇ ಗಾಡಿ ಬೇಡ. ಇಬ್ಬರಿಗೂ ಆಗುವ ಗಾಡಿ ಅಂದ್ರೆ ಮಗುವಿಗೆ ಭಾರ, ದೊಡ್ಡವರಿಗೆ ಇಕ್ಕಟ್ಟು.

ಕಾರಣ ಹಿಂದಿನ ಆಕ್ಸಲ್‌ನಲ್ಲಿ ಉಂಟು. ಸಣ್ಣ ಕ್ವಾಡ್‌ಗಳಲ್ಲಿ ಹೆಚ್ಚಿನವಕ್ಕೆ ಕಾರಿನ ಹಾಗೆ ಡಿಫರೆನ್ಶಿಯಲ್ ಇರುವುದಿಲ್ಲ, ಹಿಂದಿನ ಎರಡೂ ಚಕ್ರ ಒಂದೇ ಕಬ್ಬಿಣದ ಸರಳಿಗೆ ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಿನ ಚಕ್ರ ಸ್ವಲ್ಪ ಜಾರಲೇಬೇಕು. ಜಾರದಿದ್ದರೆ ಗಾಡಿ ತಿರುಗದೆ ನೇರ ಹೋಗುತ್ತದೆ, ಇಲ್ಲವೇ ಹೊರಗಡೆಗೆ ಮಗುಚುತ್ತದೆ. ಅದನ್ನು ತಡೆಯುವುದು ಸವಾರನ ಮೈಭಾರ: ಸೀಟಿನಲ್ಲಿ ಒಳಗಡೆಗೆ ಸರಿದು, ಹೊರಗಿನ ಕಾಲಿನಿಂದ ಒತ್ತಿ ಹಿಡಿಯಬೇಕು. 100 ಕೆಜಿ ಆಸುಪಾಸಿನ ಗಾಡಿಯ ಮೇಲೆ 27 ಕೆಜಿಯ ಮಗು ಎಷ್ಟು ವಾಲಿದರೂ ಗಾಡಿಗೆ ಅದು ತಾಗುವುದೇ ಇಲ್ಲ. ಮಗುಚಿದರೆ ಅಡಿಯಿಂದ ತಾನಾಗಿ ಹೊರಬರಲೂ ಆಗದು.

ಹಾಗಾಗಿ ಸಿಸಿ ಆಮೇಲೆ, ಮೊದಲು ಅಳತೆ. ಮಗಳನ್ನು ಕರ್ಕೊಂಡೇ ಅಂಗಡಿಗೆ ಹೋಗಿ. ಕಾಲಿಡುವ ಜಾಗದಲ್ಲಿ ಎದ್ದು ನಿಂತಾಗ ಸೀಟಿಗೂ ಅವಳಿಗೂ ನಡುವೆ 8ರಿಂದ 15 ಸೆಂ.ಮೀ. ಅಂತರ ಇರಬೇಕು. ಅದಕ್ಕಿಂತ ಕಡಿಮೆ ಆದ್ರೆ ಹೊಂಡಕ್ಕೆ ಬಿದ್ದಾಗ ಸೀಟು ಅವಳನ್ನು ಹ್ಯಾಂಡಲ್ ಮೇಲೆ ಎಸೆಯುತ್ತದೆ. ಕೂತಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಮುಖ್ಯವಾದದ್ದು ಇದು: ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಬಲಕ್ಕೂ ಪೂರ್ತಿ ತಿರುಗಿಸಿ. ಎರಡೂ ಕಡೆ ಮುಂದಕ್ಕೆ ಬಗ್ಗದೆ ಹೆಬ್ಬೆರಳು ಆಕ್ಸಿಲರೇಟರ್‌ಗೆ, ಬೆರಳಿನ ಮೊದಲ ಗೆಣ್ಣು ಬ್ರೇಕ್ ಲಿವರಿನ ಆಚೆಗೆ ಸಿಗಬೇಕು. ಬಗ್ಗಿದರೆ ಹೆಬ್ಬೆರಳು ತನ್ನಷ್ಟಕ್ಕೆ ಆಕ್ಸಿಲರೇಟರ್ ಒತ್ತಿಬಿಡುತ್ತದೆ. ತಿರುವಿನಲ್ಲೇ ಗಾಡಿ ಎಳೆದುಕೊಂಡು ಹೋಗುವುದು ಹೀಗೆ.

ವಯಸ್ಸಿನ ಚೀಟಿ ಗಾಡಿಯ ಮೇಲೇ ಅಂಟಿಸಿರುತ್ತದೆ. ಅಮೆರಿಕದ ಉದ್ಯಮ ಮಾನದಂಡದಲ್ಲಿ 6 ದಾಟಿದವರ ಗಾಡಿಗೆ ಗರಿಷ್ಠ ವೇಗ ಗಂಟೆಗೆ ಸುಮಾರು 24 ಕಿ.ಮೀ., 10 ದಾಟಿದವರದ್ದಕ್ಕೆ 48, ದೊಡ್ಡವರ ಗಾಡಿ 16ರ ಮೇಲೆ. ಪೋಲಾರಿಸ್‌ನವರ ಔಟ್‌ಲಾ 50 ಮೊದಲ ಗುಂಪಿನದ್ದು, ಔಟ್‌ಲಾ 110 ಎರಡನೆಯದ್ದು. ನಿಮ್ಮ ಮಗಳು ಮೊದಲ ಗುಂಪು, ಅಷ್ಟೆ. ಇನ್ನೊಂದನ್ನೂ ಹೇಳಬೇಕು: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16ರ ಕೆಳಗಿನವರಿಗೆ ಕ್ವಾಡ್ ಬೇಡವೇ ಬೇಡ ಎನ್ನುತ್ತದೆ. ಅದನ್ನು ತಿಳಿದುಕೊಂಡೇ ತೀರ್ಮಾನ ಮಾಡಿ. ಕೊಡಿಸುವುದೇ ಆದರೆ ಅವಳು ಓಡಿಸುವಾಗ ಪ್ರತಿಸಲವೂ ಹತ್ತಿರ ನಿಲ್ಲಲು ನಿಮಗೆ ಪುರುಸೊತ್ತು ಇರಬೇಕು.

ಬೈಕಂಪಾಡಿ ಮೆಕ್ಯಾನಿಕ್:
ಮೇಲಿನವರು ಅಳತೆ ಹೇಳಿದ್ರು, ನಾನು ನಟ್ಟು ಬೋಲ್ಟು ಹೇಳ್ತೇನೆ. ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಿಸುವ ಅಗ್ಗದ ಗಾಡಿ ಆದ್ರೆ ಇದನ್ನೆಲ್ಲ ನೋಡದೆ ಮಗುವನ್ನು ಕೂರಿಸಬೇಡಿ.

ಮೊದಲು ಆಕ್ಸಿಲರೇಟರ್ ಕೇಬಲ್. ಎಂಜಿನ್ ಆಫ್ ಮಾಡಿ, ಹ್ಯಾಂಡಲ್ ನಡುವೆ ಇಟ್ಟು ಒಮ್ಮೆ, ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ಪೂರ್ತಿ ತಿರುಗಿಸಿ ಒಮ್ಮೆ ಒತ್ತಿ ಬಿಡಿ. ಮೂರೂ ಸಲ ಟಕ್ ಅಂತ ಹಿಂದೆ ಬರಬೇಕು. ನಿಧಾನ ಬಂದ್ರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಒಳಗೆ ತುಕ್ಕು ಹಿಡಿದಿದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಎರಡನೆಯದು ಬೇಗ ಆಗುತ್ತದೆ. ಆಕ್ಸಿಲರೇಟರ್ ಸಿಕ್ಕಿಕೊಂಡಾಗ ಮಗುವಿಗೆ ಬ್ರೇಕ್ ನೆನಪಾಗುವುದಿಲ್ಲ, ಹ್ಯಾಂಡಲನ್ನು ಇನ್ನೂ ಗಟ್ಟಿ ಹಿಡಿಯುತ್ತದೆ. ಅದಕ್ಕೇ ಹಿಂದೆ ಕಟ್ಟುವ ಕಿಲ್ ಸ್ವಿಚ್ ದಾರ (ಎಳೆದ ಕೂಡಲೇ ಎಂಜಿನ್ ನಿಲ್ಲಿಸುವಂಥದ್ದು) ಬೇಕು, ದೊಡ್ಡವರು ಅದನ್ನು ಹಿಡಿದು ಹಿಂದೆಯೇ ನಡೆಯಬೇಕು. ರಿಮೋಟ್ ಕಿಲ್ ಸ್ವಿಚ್ ಇದ್ರೆ ಒಳ್ಳೆಯದೇ. ಆದ್ರೆ ಅದರ ಬ್ಯಾಟರಿ ಸತ್ತಿರಬಹುದು, ದಾರವನ್ನು ಬಿಡಬೇಡಿ.

ಹೆಬ್ಬೆರಳಿನ ಲಿವರ್ ಇರುವ ಡಬ್ಬಿಯಲ್ಲಿ ಒಂದು ಸಣ್ಣ ಸ್ಕ್ರೂ, ಅದಕ್ಕೊಂದು ಲಾಕ್ ನಟ್ಟು ಉಂಟು. ಒಳಗೆ ತಿರುಗಿಸಿದಷ್ಟೂ ಲಿವರ್ ಕಡಿಮೆ ಹೋಗುತ್ತದೆ. ಮೊದಲ ತಿಂಗಳು, ಪೂರ್ತಿ ಒತ್ತಿದರೂ ನೀವು ಪಕ್ಕದಲ್ಲಿ ಸಣ್ಣಗೆ ಓಡಿ ಹಿಡಿಯುವಷ್ಟೇ ವೇಗ ಬರುವ ಹಾಗೆ ಇಡಿ, ಅಂದ್ರೆ ಗಂಟೆಗೆ 10 ಕಿ.ಮೀ. ಆಸುಪಾಸು. ಲಾಕ್ ನಟ್ಟು ಬಿಗಿ ಮಾಡಲು ಮರೆತರೆ ಅದುರಾಟಕ್ಕೆ ಸ್ಕ್ರೂ ತಾನೇ ಹೊರಗೆ ಬರುತ್ತದೆ.

ಮುಂದಿನ ಚಕ್ರ ಹಿಡಿದಿರುವ ಎ-ಆರ್ಮ್ ಬೋಲ್ಟು, ಹ್ಯಾಂಡಲ್ ಕ್ಲಾಂಪ್, ಹಿಂದಿನ ಆಕ್ಸಲ್ ನಟ್ಟು, ಎಂಜಿನ್ ಮೌಂಟ್: ಎಲ್ಲ ಬಿಚ್ಚಿ ನೀಲಿ ಥ್ರೆಡ್ ಲಾಕರ್ (ಬೋಲ್ಟು ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಹಚ್ಚಿ ಪುನಃ ಬಿಗಿ ಮಾಡಿಸಿ. ಕೆಂಪು ಹಚ್ಚಬೇಡಿ, ಆಮೇಲೆ ಕಾಯಿಸದೆ ಬಿಚ್ಚಲು ಬರುವುದಿಲ್ಲ. ಸ್ಪ್ಲಿಟ್ ಪಿನ್ ಇರಬೇಕಾದ ಕಡೆ ಇದೆಯೋ ನೋಡಿ.

ಕಾಲಿಡುವ ಕಡೆ ಬರೀ ಕಡ್ಡಿ ಇರುವ ಗಾಡಿ ಮಕ್ಕಳಿಗೆ ಬೇಡ, ಪಾದ ಪೂರ್ತಿ ಇಡಲು ಬರುವ ಅಗಲ ತಟ್ಟೆ (ಫುಟ್‌ವೆಲ್) ಇರಲಿ. ಮಗು ಸೈಕಲ್ ಅಭ್ಯಾಸದಲ್ಲಿ ಹೆದರಿದ ಕೂಡಲೇ ಕಾಲು ಕೆಳಗಿಡುತ್ತದೆ, ಹಿಂದಿನ ಚಕ್ರ ಆ ಕಾಲಿನ ಮೇಲೆ ಹತ್ತುತ್ತದೆ. ಅಭ್ಯಾಸಕ್ಕೆ ಮೊದಲು ಹತ್ತು ನಿಮಿಷ ಎಂಜಿನ್ ಆಫ್ ಇಟ್ಟು ಗಾಡಿಯನ್ನು ನೂಕಿ, ಕಾಲು ಎತ್ತದೆ ಬ್ರೇಕ್ ಹಿಡಿಯುವುದನ್ನೇ ಕಲಿಸಿ.

ಟೈರ್ ಗಾಳಿ ಬಂಕಿನಲ್ಲಿ ಹಾಕಿಸಬೇಡಿ. ಇವಕ್ಕೆ 3ರಿಂದ 5 ಪಿಎಸ್‌ಐ ಸಾಕು, ಸರಿಯಾದ ಲೆಕ್ಕ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಅಷ್ಟು ಕಡಿಮೆ ಒತ್ತಡ ಕಾರಿನ ಗೇಜಿನಲ್ಲಿ ಗೊತ್ತಾಗುವುದಿಲ್ಲ, ಬೇರೆ ಗೇಜ್ ತಗೊಳ್ಳಿ. ಕಾರಿನ ಹಾಗೆ 30 ಹಾಕಿದ್ರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ, ಟೈರ್ ರಿಮ್ಮಿನಿಂದ ಸಿಡಿಯಲೂಬಹುದು. ಎಡ ಬಲ ಸಮ ಇರಬೇಕು, ಇಲ್ಲದಿದ್ದರೆ ಒಂದು ಕಡೆಗೆ ಎಳೆಯುತ್ತದೆ.

ತೋಡಿನ ಕರೆ:
ಮಲ್ಪೆ ಬಗ್ಗೆ ಯಾರೂ ಹೇಳಲಿಲ್ಲ. ಒಯ್ಯಬೇಡಿ. ಕ್ವಾಡ್‌ಗಳಲ್ಲಿ ಹೆಚ್ಚಿನವಕ್ಕೆ ನೋಂದಣಿ ಇಲ್ಲ, ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗಕ್ಕೆ ತರುವುದನ್ನು ಮೋಟಾರು ವಾಹನ ಕಾಯ್ದೆಯ 39ನೇ ಕಲಂ ತಡೆಯುತ್ತದೆ. ಬೀಚ್ ಸಾರ್ವಜನಿಕ ಜಾಗವೇ, ನಿಮ್ಮ ಗೇಟಿನ ಎದುರಿನ ಪಂಚಾಯತ್ ರಸ್ತೆಯೂ ಅದೇ. ಸಾರ್ವಜನಿಕ ಜಾಗದಲ್ಲಿ ಮಗು ಓಡಿಸಿದರೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಂ ಪೋಷಕರ ಮೇಲೆ ಬರುತ್ತದೆ: 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಮರಳಿನೊಳಗೆ ಕಡಲಾಮೆ ಮೊಟ್ಟೆ ಇರುವ ಕಾಲವೂ ಉಂಟು. 2024ರಲ್ಲಿ ಸಸಿಹಿತ್ಲು ಕಡೆ ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಹಾಕಿ ಕಾದಿತ್ತು.

ನಿಮ್ಮ ಪದವೇ ಸಾಕು. ಧರೆಯ ಅಂಚಿನಿಂದ 10 ಮೀಟರ್ ದೂರ ಬಿಟ್ಟು ಹಳೆ ಟೈರ್ ಸಾಲಾಗಿ ಇಡಿ. ಹಗ್ಗ, ತಂತಿ ಕಟ್ಟಬೇಡಿ, ಮಗುವಿನ ಕುತ್ತಿಗೆಯ ಎತ್ತರಕ್ಕೇ ಬರುತ್ತದೆ. ಬಟ್ಟೆ ಒಣಗಿಸುವ ಹಗ್ಗವೂ ಇದ್ರೆ ಬಿಚ್ಚಿ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಮೊದಲು ಆ ಕೆಲಸ ಆಗಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುರಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಆಗ ಕಲಿಸುವುದೇ ಬೇಡ.

ಅಡಿಕೆಮರ:
ತಮ್ಮನ ಗಾಡಿಗೆ ಬರ್ತೇನೆ. ಸ್ಕೂಟರ್ ಮಾತ್ರ ಗೊತ್ತಿದ್ದವರಿಗೆ 200ರಿಂದ 300 ಸಿಸಿ, ಪೂರ್ತಿ ಆಟೋಮ್ಯಾಟಿಕ್, ರಿವರ್ಸ್ ಇರುವ, ಮುಂದೆ ಹಿಂದೆ ಕ್ಯಾರಿಯರ್ ಇರುವ ಕೆಲಸದ ಗಾಡಿ ಸರಿ. ಸ್ಪೋರ್ಟ್ ಕ್ವಾಡ್ ಚಂದ ಕಾಣುತ್ತದೆ, ಗೊಬ್ಬರದ ಚೀಲ ಇಡಲು ಜಾಗ ಇರುವುದಿಲ್ಲ.

ಕೊಳ್ಳುವಾಗ ಒಂದು ವಿಷಯ ಕೇಳಲೇಬೇಕು: ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಡಿಯುವುದು) ಉಂಟಾ? ಅಗ್ಗದ ಬೆಲ್ಟ್ ಗಾಡಿಗಳಲ್ಲಿ ಆಕ್ಸಿಲರೇಟರ್ ಬಿಟ್ಟು ಎಂಜಿನ್ ನಿಧಾನ ಆದ ಕೂಡಲೇ ಸೆಂಟ್ರಿಫ್ಯೂಗಲ್ ಕ್ಲಚ್ ಬಿಟ್ಟುಕೊಳ್ಳುತ್ತದೆ, ಗಾಡಿ ನ್ಯೂಟ್ರಲ್‌ನಲ್ಲಿ ಉರುಳಿದ ಹಾಗೆ ಇಳಿಯುತ್ತದೆ. ಪದವಿನಿಂದ ತೋಟಕ್ಕೆ ಇಳಿಯುವ ದಾರಿಯಲ್ಲಿ ಹಿಂದೆ ಎರಡು ಚೀಲ ಇದ್ರೆ ಬರೀ ಬ್ರೇಕಿನ ಮೇಲೆ ನಂಬಿಕೆ ಇಡಬೇಕಾಗುತ್ತದೆ.

ಕ್ಯಾರಿಯರ್ ಮೇಲೆ ಬರೆದ ಕೆಜಿಗಿಂತ ಹೆಚ್ಚು ಬೇಡ. ಮದ್ದು ಬಿಡುವ ಡ್ರಮ್ ಇಟ್ಟರೆ ತುಂಬ ಜಾಗ್ರತೆ. ಅರ್ಧ ತುಂಬಿದ ಡ್ರಮ್ಮಿನ ನೀರು ತಿರುವಿನಲ್ಲಿ ಹೊರಗಡೆಗೆ ಓಡುತ್ತದೆ, ಗಾಡಿಯನ್ನೂ ಅತ್ತ ನೂಕುತ್ತದೆ. ಭಾರವನ್ನು ಸಣ್ಣ ಟ್ರೇಲರಿಗೆ ಹಾಕಿದರೆ ಒಳ್ಳೆಯದು. ಇಳಿಜಾರಿನ ದಾರಿಯಲ್ಲಿ ಅಡ್ಡಡ್ಡ ಓಡಿಸುವುದಲ್ಲ, ನೇರ ಹತ್ತಬೇಕು, ನೇರ ಇಳಿಯಬೇಕು. ಕಣಿ (ನೀರಿನ ಕಾಲುವೆ) ದಾಟಲು ಅಡಿಕೆಮರದ ಸೀಳು ಹಾಕಿದ ಸಂಕ (ಸಣ್ಣ ಸೇತುವೆ) ಸಾಲದು, ಕಲ್ಲುಚಪ್ಪಡಿ ಹಾಕಿ.

ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್ 11ರಿಂದ ಹೊಸ ಕೆಲಸದ ಕ್ವಾಡ್ ಮಾರಬೇಕಾದರೆ ಸವಾರನ ಹಿಂದೆ ರಕ್ಷಣಾ ಕಮಾನು ಇರಲೇಬೇಕು. ಗಾಡಿ ಮಗುಚಿದಾಗ ಎದೆಯ ಮೇಲೆ ಪೂರ್ತಿ ಕೂರದ ಹಾಗೆ ಅದು ತಡೆಯುತ್ತದೆ. ಇಲ್ಲಿ ಕಡ್ಡಾಯ ಇಲ್ಲದಿದ್ದರೂ ನಿಮ್ಮ ಧರೆಯ ಜಾಗಕ್ಕೆ ಹಾಕಿಸಿಕೊಂಡ್ರೆ ಒಳ್ಳೆಯದು. ವೆಲ್ಡಿಂಗ್ ಅಂಗಡಿಯಲ್ಲಿ ಅಂದಾಜಿಗೆ ಮಾಡಿಸಿದ್ದಲ್ಲ, ಆ ಗಾಡಿಗೇ ಪರೀಕ್ಷಿಸಿದ್ದು ಬೇಕು.

ಹಿಂದೆ ಯಾರನ್ನೂ ಕೂರಿಸಬಾರದು. ಸೀಟು ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿಯುವುದಕ್ಕೆ.

ಹಿರಿಯಡ್ಕ ತೋಟ:
ಎಲ್ಲರಿಗೂ ತುಂಬ ಉಪಕಾರ. 125ರ ಯೋಚನೆ ಬಿಟ್ಟೆ, ಬೀಚನ್ನೂ ಬಿಟ್ಟೆ. ಮಗಳಿಗೆ ಪೆಟ್ರೋಲಿನದ್ದಾ, ಬ್ಯಾಟರಿಯದ್ದಾ? ಮಳೆಗಾಲದ 4 ತಿಂಗಳು ಸುಮ್ಮನೆ ನಿಲ್ಲಿಸಬೇಕಲ್ಲ. ಹೆಲ್ಮೆಟ್ ಯಾವ ಅಳತೆ?

ಬೈಕಂಪಾಡಿ ಮೆಕ್ಯಾನಿಕ್:
ಹೆಲ್ಮೆಟ್‌ಗೆ ಹುಬ್ಬಿನ ಸ್ವಲ್ಪ ಮೇಲಿನಿಂದ ತಲೆಯ ಸುತ್ತ ಟೇಪ್ ಹಿಡಿದು ಅಳೆಯಿರಿ, ಆ ಸೆಂ.ಮೀ. ಲೆಕ್ಕದಲ್ಲೇ ಮಕ್ಕಳ ಫುಲ್ ಫೇಸ್ ತಗೊಳ್ಳಿ. ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಎಳೆಯಬೇಕು. ಗ್ಲೌಸ್, ಉದ್ದ ತೋಳು, ಕಾಲಿನ ಗಂಟು ಮುಚ್ಚುವ ಬೂಟು ಬೇಕು. ಚಪ್ಪಲಿ ಬೇಡ.

ಬ್ಯಾಟರಿ ಗಾಡಿಯಲ್ಲಿ ಹೆಚ್ಚಿನವಕ್ಕೆ ಕೀಲಿಯಿಂದ ಮೂರು ವೇಗ ಇಡಲು ಬರುತ್ತದೆ, ಸದ್ದಿಲ್ಲ, ಸೈಲೆನ್ಸರ್ ತಾಗಿ ಕಾಲು ಸುಡುವುದೂ ಇಲ್ಲ. ಮೊದಲ ಗಾಡಿಗೆ ನನ್ನ ಓಟು ಅದಕ್ಕೇ. ತೊಂದರೆ ಎರಡು: ಕೆಲವು ಮೊದಲ ಒತ್ತಿಗೇ ಝಗ್ ಅಂತ ಹಾರುತ್ತವೆ, ಹಾಗಾಗಿ ನೀವೇ ಕೈಯಿಂದ ಒತ್ತಿ ನೋಡಿ ತಗೊಳ್ಳಿ. ಮತ್ತೆ, ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಖಾಲಿ ಬಿಟ್ಟು ಮಳೆಗಾಲ ಕಳೆದರೆ ನವರಾತ್ರಿಗೆ ಅದು ಏಳುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ವೈರ್ ಬಿಚ್ಚಿ, ಒಣಗಿದ ಕೋಣೆಯಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಕನೆಕ್ಟರ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ಪೆಟ್ರೋಲಿನದ್ದೇ ಆದರೆ ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನ ಅಡಿಯ ಸ್ಕ್ರೂ ಬಿಚ್ಚಿ ಬೌಲಿನ ಪೆಟ್ರೋಲ್ ಇಳಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಉಂಟು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ನಿಂತರೆ ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ತೂತು ಕಟ್ಟುತ್ತದೆ, ಚೋಕ್ ಹಾಕಿದರೆ ಮಾತ್ರ ಎಂಜಿನ್ ಆಫ್ ಆಗದೆ ಓಡುತ್ತದೆ. ಹೊಸದಾದ್ರೆ ಮೊದಲ 5 ಗಂಟೆ ಓಡಿದ ಮೇಲೆ ಎಂಜಿನ್ ಆಯಿಲ್ ಬದಲಿಸಿ, ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಅಂತ ಬರೆದಿರುವ ಬೈಕಿನ ಆಯಿಲ್ ಹಾಕಿ. ಈ ಸಣ್ಣ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದ್ರೆ ಅದು ಜಾರುತ್ತದೆ. ಬಿಚ್ಚಿದ ಆಯಿಲಿನಲ್ಲಿ ಬೆಳ್ಳಗೆ ಮಿನುಗುವ ಹುಡಿ ಸ್ವಲ್ಪ ಇದ್ರೆ ಹೆದರಬೇಡಿ. ಉಗುರಿಗೆ ಸಿಗುವಷ್ಟು ಚೂರು ಇದ್ರೆ ಮಾತ್ರ ಅಂಗಡಿಗೆ ವಾಪಸು ಒಯ್ಯಿರಿ.